‘ವೆಚ್ಚ’ ಎಂಬ ಪದದ ಬೆಲೆ

ಬಿಲ್ಲಿನಲ್ಲಿ ‘ತೆರಿಗೆ’ ಎಂಬ ಮಾತು ಕಂಡರೆ ಯಾರೂ ಚೌಕಾಸಿಗೆ ಇಳಿಯುವುದಿಲ್ಲ. ಹತ್ತು ರೂಪಾಯಿಗಾಗಿ ಅಂಗಡಿಯವನೊಡನೆ ಹದಿನೈದು ನಿಮಿಷ ಜಗ್ಗಾಡುವವರೂ ಆ ಸಾಲಿಗೆ ಬಂದಾಗ ಸುಮ್ಮನಾಗುತ್ತಾರೆ. ಅದು ಸರಕಾರಕ್ಕೆ ಹೋಗುವ ದುಡ್ಡು, ಅಂಗಡಿಯವನ ಕೈಯಲ್ಲಿ ಏನೂ ಇಲ್ಲ ಎಂಬ ನಂಬಿಕೆ. 2000ದ ದಶಕದಲ್ಲಿ ಅಮೆರಿಕದಲ್ಲಿ ಇಂಟರ್ನೆಟ್ಟಿನ ಮೂಲಕ ಹೋಟೆಲ್ ಕೋಣೆ ಕಾಯ್ದಿರಿಸಿದವರ ರಸೀದಿಯಲ್ಲಿ ‘ತೆರಿಗೆ ಮತ್ತು ಸೇವಾ ಶುಲ್ಕ’ ಎಂಬ ಒಂದು ಸಾಲು ಇರುತ್ತಿತ್ತು. ಎರಡಕ್ಕೂ ಸೇರಿ ಒಂದೇ ಮೊತ್ತ. ಅದರಲ್ಲಿ ತೆರಿಗೆ ಎಷ್ಟು, ಶುಲ್ಕ ಎಷ್ಟು ಎಂದು ಬಿಡಿಸಿ ಬರೆದಿರಲಿಲ್ಲ. ಈ ಒಂದು ಸಾಲಿನ ಮೇಲೆ ಮುಂದೆ ಹದಿನೈದು ವರ್ಷಕ್ಕೂ ಮಿಕ್ಕಿ ವ್ಯಾಜ್ಯಗಳು ನಡೆದವು.

ಹಳೆಯ ಕಾಲದ ಟ್ರಾವೆಲ್ ಏಜೆಂಟನ ಲೆಕ್ಕ ಸರಳ. ಗಿರಾಕಿ ಹೋಟೆಲಿಗೆ ದುಡ್ಡು ಕೊಡುತ್ತಿದ್ದ, ಹೋಟೆಲಿನವರು ಏಜೆಂಟನಿಗೆ ಕಮಿಷನ್ ಕೊಡುತ್ತಿದ್ದರು. ಆನ್‌ಲೈನ್ ಕಂಪನಿಗಳು ಇದನ್ನು ತಿರುಗಿಸಿದವು. ಹೋಟೆಲಿನಿಂದ ಕಡಿಮೆ ದರಕ್ಕೆ ಕೋಣೆ ಪಡೆದು, ತಮ್ಮ ಲಾಭ ಸೇರಿಸಿದ ದರವನ್ನು ಪುಟದಲ್ಲಿ ತೋರಿಸಿ, ಪೂರ್ತಿ ಹಣವನ್ನು ತಾವೇ ವಸೂಲು ಮಾಡುವ ಪದ್ಧತಿ ಇದು. 1991ರಲ್ಲಿ ಶುರುವಾದ ಹೋಟೆಲ್ ರಿಸರ್ವೇಷನ್ಸ್ ನೆಟ್‌ವರ್ಕ್ ಎಂಬ ಕಂಪನಿ, ಅಂದರೆ ಮುಂದೆ ಹೋಟೆಲ್ಸ್ ಡಾಟ್ ಕಾಮ್ ಆದದ್ದು, ಈ ದಾರಿಯಲ್ಲೇ ಬೆಳೆಯಿತು. 1996ರಲ್ಲಿ ಮೈಕ್ರೋಸಾಫ್ಟ್‌ನ ಒಳಗೆ ಹುಟ್ಟಿದ ಎಕ್ಸ್‌ಪೀಡಿಯಾ ಕೂಡ ಇದನ್ನೇ ಹಿಡಿಯಿತು. 2001ರ ಸೆಪ್ಟೆಂಬರ್ ದಾಳಿಯ ನಂತರ ಜನ ಪ್ರಯಾಣ ಬಿಟ್ಟು ಮನೆಯಲ್ಲಿ ಕೂತಾಗ, ಖಾಲಿ ಬಿದ್ದ ಕೋಣೆಗಳನ್ನು ಸಿಕ್ಕಿದ ಬೆಲೆಗೆ ಇವರ ಕೈಗೆ ಕೊಡದೆ ಹೋಟೆಲಿನವರಿಗೆ ಗತ್ಯಂತರವಿರಲಿಲ್ಲ.

ಒಂದು ಕಲ್ಪಿತ ಲೆಕ್ಕ ಹಾಕೋಣ. ಹೋಟೆಲು ಕಂಪನಿಗೆ ಕೋಣೆ ಕೊಟ್ಟದ್ದು 100 ಡಾಲರಿಗೆ, ಗಿರಾಕಿಗೆ ಕಂಡ ದರ 130. ಊರಿನ ವಸತಿ ತೆರಿಗೆ ಶೇಕಡಾ 10. ಕಂಪನಿ ತನ್ನ ಖರೀದಿ ದರದ ಮೇಲಷ್ಟೇ ಲೆಕ್ಕ ಹಾಕಿ 10 ಡಾಲರ್ ತೆರಿಗೆಯನ್ನು ಹೋಟೆಲಿಗೆ ಕೊಡುತ್ತದೆ, ಹೋಟೆಲು ಅದನ್ನು ನಗರಕ್ಕೆ ಕಟ್ಟುತ್ತದೆ. ಗಿರಾಕಿಯ ರಸೀದಿಯಲ್ಲಿ ‘ತೆರಿಗೆ ಮತ್ತು ಸೇವಾ ಶುಲ್ಕ’ 18 ಡಾಲರ್ ಎಂದಿದೆ. ಉಳಿದ 8 ಡಾಲರ್ ಕಂಪನಿಯಲ್ಲೇ ಉಳಿಯಿತು, ಅದೂ 30 ಡಾಲರ್ ಲಾಭದ ಮೇಲೆ. ಈ 8 ಡಾಲರಿಗಾಗಿ ಗ್ರಾಹಕರು ಕೋರ್ಟಿಗೆ ಹೋದರು. ತೆರಿಗೆ ಹಾಕಬೇಕಾದದ್ದು 130ರ ಮೇಲೆ, ಬಾಕಿ 3 ಡಾಲರ್ ಎಲ್ಲಿ ಎಂದು ಕೇಳಿ ನಗರಗಳೂ ಹೋದವು.

ಗ್ರಾಹಕರ ದೊಡ್ಡ ಮೊಕದ್ದಮೆ 2005ರಲ್ಲಿ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದಲ್ಲಿ, ಕಿಂಗ್ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ ದಾಖಲಾಯಿತು. ಪ್ರತಿವಾದಿ ಎಕ್ಸ್‌ಪೀಡಿಯಾ. ಒಬ್ಬೊಬ್ಬರ ನಷ್ಟ ಕೆಲವೇ ಡಾಲರ್, ಅಷ್ಟಕ್ಕಾಗಿ ಯಾರೂ ವಕೀಲರ ಮೆಟ್ಟಿಲು ಹತ್ತುವುದಿಲ್ಲ. ಎಲ್ಲರ ಪರವಾಗಿ ಕೆಲವರು ಹೂಡುವ ಸಾಮೂಹಿಕ ದಾವೆಗೆ ಅಲ್ಲಿ ಅವಕಾಶ ಇದ್ದದ್ದರಿಂದಲೇ ವಿಷಯ ನ್ಯಾಯಾಧೀಶರವರೆಗೆ ಬಂತು.

ಕಂಪನಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಕೊನೆಯ ಗುಂಡಿ ಒತ್ತುವ ಮೊದಲು ಒಟ್ಟು ಮೊತ್ತ ಗಿರಾಕಿಗೆ ಕಾಣುತ್ತಿತ್ತು. ಒಪ್ಪಿ ಕೊಟ್ಟ ಮೇಲೆ ಮೋಸ ಎಲ್ಲಿಂದ ಬಂತು ಎಂಬ ಪ್ರಶ್ನೆ ಪೊಳ್ಳಲ್ಲ. ಆದರೆ ಕಂಪನಿಯನ್ನು ಸಿಕ್ಕಿಸಿದ್ದು ಅದು ತಾನೇ ಬರೆದ ಒಂದು ಪದ. ಯಾರೂ ಓದದೆ ‘ಒಪ್ಪಿದೆ’ ಎನ್ನುವ ಆ ಉದ್ದನೆಯ ಷರತ್ತುಗಳಲ್ಲಿ, ಸೇವಾ ಶುಲ್ಕ ಎಂಬುದು ಕಾಯ್ದಿರಿಸುವಿಕೆಯನ್ನು ನಿರ್ವಹಿಸಲು ತಗಲುವ ವೆಚ್ಚಕ್ಕೆ ಎಂಬರ್ಥದ ವಿವರಣೆ ಇತ್ತು. ವೆಚ್ಚ ಎಂದಮೇಲೆ ವೆಚ್ಚವೇ ಆಗಬೇಕಲ್ಲ! ಶುಲ್ಕವನ್ನೋ ಕೋಣೆಯ ದರದ ಮೇಲೆ ಶೇಕಡಾವಾರು ಹಾಕುತ್ತಿದ್ದರು. 60 ಡಾಲರಿನ ಕೋಣೆಗೂ 300 ಡಾಲರಿನ ಕೋಣೆಗೂ ಕಂಪ್ಯೂಟರು ಮಾಡುವ ಕೆಲಸ ಒಂದೇ, ಶುಲ್ಕ ಮಾತ್ರ ಐದು ಪಟ್ಟು.

2009ರ ಮೇ ತಿಂಗಳಲ್ಲಿ ನ್ಯಾಯಾಧೀಶೆ ಮೋನಿಕಾ ಬೆಂಟನ್, ಪೂರ್ಣ ವಿಚಾರಣೆಗೂ ಮೊದಲೇ, ಎಕ್ಸ್‌ಪೀಡಿಯಾ ತನ್ನ ಕರಾರನ್ನು ಮುರಿದಿದೆ ಎಂದು ತೀರ್ಪಿತ್ತರು. 2003ರಿಂದ 2006ರವರೆಗಿನ ಸೇವಾ ಶುಲ್ಕಕ್ಕೆ ಸುಮಾರು 18.4 ಕೋಟಿ ಡಾಲರ್ ಪರಿಹಾರ ಎಂದು ನಿಗದಿಯಾಯಿತು. ಆದರೆ ಅದೇ ವರ್ಷ ಎರಡೂ ಕಡೆಯವರು ರಾಜಿಗೆ ಬಂದರು. ಒಪ್ಪಂದದ ಮೌಲ್ಯ 12.34 ಕೋಟಿ ಡಾಲರ್, ಅದು ನಗದು ಮತ್ತು ಮುಂದಿನ ಬುಕಿಂಗಿಗೆ ಬಳಸಬಹುದಾದ ಕ್ರೆಡಿಟ್ ಎಂಬ ಎರಡು ರೂಪದಲ್ಲಿ. ಕ್ರೆಡಿಟ್ ಆರಿಸಿಕೊಂಡವರು ತಮ್ಮ ದುಡ್ಡು ವಾಪಸು ಪಡೆಯಲು ಮತ್ತೆ ಅದೇ ಅಂಗಡಿಗೆ ಹೋಗಬೇಕಿತ್ತು.

ಷರತ್ತುಗಳ ಭಾಷೆ ಆ ನಂತರ ಬದಲಾಯಿತು. ಸೇವಾ ಶುಲ್ಕ ಈಗ ‘ವೆಚ್ಚ’ ಅಲ್ಲ, ಕಂಪನಿ ತನ್ನಲ್ಲಿ ಉಳಿಸಿಕೊಳ್ಳುವ ಹೆಚ್ಚುವರಿ ಪ್ರತಿಫಲ ಎಂದು ನೇರವಾಗಿಯೇ ಬರೆದರು. ಪದ ಹೋಯಿತು, ಶುಲ್ಕ ಹೋಗಲಿಲ್ಲ.

ನಗರಗಳ ಕಥೆ ಬೇರೆಯೇ ದಾರಿ ಹಿಡಿಯಿತು. ನಾವು ಹೋಟೆಲು ನಡೆಸುವವರಲ್ಲ, ಬರೀ ಮಧ್ಯವರ್ತಿಗಳು, ವಸತಿ ತೆರಿಗೆ ನಮಗೆ ಅನ್ವಯಿಸದು ಎಂಬುದು ಕಂಪನಿಗಳ ವಾದ. ಜಾರ್ಜಿಯಾದ ಕೊಲಂಬಸ್ ನಗರ 2009ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು, ಆದರೆ ಈ ಜಗಳದ ನಡುವೆ ಅಲ್ಲಿನ ಹೋಟೆಲುಗಳು ಎಕ್ಸ್‌ಪೀಡಿಯಾದ ಪಟ್ಟಿಯಿಂದಲೇ ಮಾಯವಾದವು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ 173 ಊರುಗಳ ಮುಂದಾಳಾಗಿ ಹೋರಾಡಿ ಕೆಳಗಿನ ಕೋರ್ಟಿನಲ್ಲಿ ಗೆದ್ದು, 2017ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ತೀರ್ಪಿನ ಹಣಕ್ಕೆ ಭದ್ರತೆಯಾಗಿ ಕಂಪನಿಗಳು ಬಾಂಡ್ ಇಟ್ಟಿದ್ದವು. ಅದಕ್ಕೆ ಅವು ಕಟ್ಟಿದ್ದ 22 ಲಕ್ಷ ಡಾಲರಿಗೂ ಮಿಕ್ಕಿದ ಪ್ರೀಮಿಯಂ ಹಣ ಕೂಡ ನಗರದ ತಲೆಗೇ ಬಂತು. 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು.

ಈ ನಡುವೆ ಹೋಟೆಲಿನವರೂ ಈ ವಿದ್ಯೆ ಕಲಿತರು. ‘ರೆಸಾರ್ಟ್ ಶುಲ್ಕ’ ಎಂಬ ಹೊಸ ಸಾಲು ಬಿಲ್ಲಿನಲ್ಲಿ ಕಾಣತೊಡಗಿತು. ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ 22 ಹೋಟೆಲ್ ಸಂಸ್ಥೆಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ದರವನ್ನೇ ಮೊದಲು ತೋರಿಸಬೇಕೆಂಬ ಅದರ ನಿಯಮ ಜಾರಿಗೆ ಬಂದದ್ದು 2025ರ ಮೇ 12ರಂದು. ಭಾರತದಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ‘ಡಾರ್ಕ್ ಪ್ಯಾಟರ್ನ್’ಗಳೆಂದು ಹೆಸರಿಸಿದ 13 ವಂಚಕ ತಂತ್ರಗಳಲ್ಲಿ, ದರವನ್ನು ಹನಿಹನಿಯಾಗಿ ತೋರಿಸುವುದೂ ಒಂದು. ಶುಲ್ಕವನ್ನು ಮುಂಚೆಯೇ ತೋರಿಸಿ ಎಂದು ಎರಡೂ ಹೇಳುತ್ತವೆ. ಅದು ಎಷ್ಟಿರಬೇಕು ಎಂಬುದನ್ನು ಎರಡೂ ಮುಟ್ಟುವುದಿಲ್ಲ.