ನಗರ ಬಿದ್ದ ದಿನ ಕಂಡವರಾರು?

2004ರ ನವೆಂಬರಿನಲ್ಲಿ ಇರಾಕಿನ ಫಲ್ಲೂಜಾ ನಗರದಲ್ಲಿ ಮನೆಮನೆಗೆ ನುಗ್ಗಿ ಹೋರಾಡಿದ ಅಮೆರಿಕದ ಸೈನಿಕರಲ್ಲಿ ಕೆಲವರು ಊರಿಗೆ ಮರಳಿ ತಮ್ಮ ಅನುಭವವನ್ನು ಪುಸ್ತಕವಾಗಿ ಬರೆದರು. ಅಂತಹ ಬರಹಗಳಲ್ಲಿ ನಗರ ಕಾಣುವುದು ಕಡಿಮೆ. ಒಂದು ಬಾಗಿಲು, ಕತ್ತಲ ಮೆಟ್ಟಿಲು, ಪಕ್ಕದಲ್ಲಿ ಬಿದ್ದ ಗೆಳೆಯ, ಇಷ್ಟೇ ಅವರ ಲೋಕ. ಆ ಮನೆಗಳಲ್ಲಿ ಬಾಳಿದ್ದವರ ಮಾತು ಅಲ್ಲಿ ವಿರಳ. ಆದರೂ ಕಂಡವನ ಮಾತಿಗೆ ಅದರದೇ ಬೆಲೆಯಿದೆ. ಹಾಗಾದರೆ ನಮ್ಮದೇ ಕಂಪ್ಲಿ, ಹಂಪಿಗಳು ಬಿದ್ದಾಗ ಅಲ್ಲಿದ್ದವರ ಮಾತು ನಮಗೆಷ್ಟು ಉಳಿದಿದೆ? ಹಂಪಿಯ ಪತನವನ್ನು ಕಣ್ಣಾರೆ ಕಂಡವರಂತೆ ಭಾಷಣ ಮಾಡುವವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ ಈ ಪ್ರಶ್ನೆ ಕೇಳಲೇಬೇಕಾಗಿದೆ.

ಮೊದಲು ಕಂಪ್ಲಿಯ ಮಾತು. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಗುರ್ಷಾಸ್ಪ್ ಸೋತು ಕಂಪಿಲರಾಯನ ಆಶ್ರಯಕ್ಕೆ ಬಂದ. 1327ರಲ್ಲಿ ದಿಲ್ಲಿಯ ಸೇನೆ ಮುತ್ತಿಗೆ ಹಾಕಿತು. ಕೋಟೆಯೊಳಗಿನ ಧಾನ್ಯ ಮುಗಿಯಿತು. ರಾಯ ಅತಿಥಿಯನ್ನು ಒಪ್ಪಿಸಲಿಲ್ಲ. ಅವನನ್ನು ಇನ್ನೊಬ್ಬ ಅರಸನ ಬಳಿಗೆ ಕಳುಹಿಸಿ, ತಾನು ಸಾಯಲು ನಿಶ್ಚಯಿಸಿದ. ಹೆಂಗಸರು ಬೆಂಕಿಗೆ ಹಾರಿದರು. ಗಂಡಸರು ಸ್ನಾನ ಮಾಡಿ, ಗಂಧ ಲೇಪಿಸಿಕೊಂಡು, ಕವಚವಿಲ್ಲದೆ ಹೊರಬಿದ್ದು ಸಾಯುವವರೆಗೂ ಹೋರಾಡಿದರು. ಈ ವಿವರವನ್ನು ನಮಗೆ ಕೊಡುವವನು ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ.

ಅವನು ದಿಲ್ಲಿಗೆ ಬಂದದ್ದು ಏಳೆಂಟು ವರ್ಷಗಳ ಅನಂತರ. ಆದರೆ ಸೆರೆ ಸಿಕ್ಕ ರಾಯನ ಹನ್ನೊಂದು ಮಕ್ಕಳು ಇಸ್ಲಾಂ ಸ್ವೀಕರಿಸಿ ದಿಲ್ಲಿಯಲ್ಲಿ ಅಮೀರರಾಗಿದ್ದರು. ಅವರಲ್ಲಿ ನಸ್ರ್, ಬಖ್ತಿಯಾರ್ ಮತ್ತು ಅಬೂ ಮುಸ್ಲಿಂ ಎಂಬ ಮೂವರನ್ನು ತಾನು ಕಂಡಿದ್ದಾಗಿ ಅವನು ಹೇಳುತ್ತಾನೆ. ಸುಲ್ತಾನನ ಕುಡಿಯುವ ನೀರಿನ ಮುದ್ರೆ ಕಾಯುತ್ತಿದ್ದ ಅಬೂ ಮುಸ್ಲಿಂ ಅವನ ಗೆಳೆಯನೇ ಆಗಿದ್ದ. ಕೋಟೆಯೊಳಗಿನ ಆ ಕೊನೆಯ ಬೆಳಗನ್ನು ಬತೂತ ಅವನ ಬಾಯಿಂದಲೇ ಕೇಳಿರಬೇಕೆಂದು ನಮ್ಮ ಊಹೆ. ದಿಲ್ಲಿ ಸುಲ್ತಾನನ ಆಶ್ರಯದಲ್ಲಿ ಖಾಜಿಯಾಗಿದ್ದ ಮುಸ್ಲಿಮನೊಬ್ಬ ದಿಲ್ಲಿಗೆ ಸೋತ ಅರಸನ ಮಾತುನಿಷ್ಠೆಯನ್ನು ಇಷ್ಟು ಗೌರವದಿಂದ ದಾಖಲಿಸಿದ್ದಾನೆ. ಕಂಪ್ಲಿ–ಸಂಡೂರು ಸೀಮೆ ತನ್ನವನೆಂದು ಹಾಡಿಕೊಂಡು ಬಂದ ಕುಮಾರರಾಮ ಇದೇ ರಾಯನ ಮಗ. ಹಾಡಿನ ಪಕ್ಕದಲ್ಲಿ ಬತೂತನ ಪುಟಗಳನ್ನೂ ಇಟ್ಟು ಓದಬೇಕು.

ಸಾಮಾನ್ಯ ಸೈನಿಕ ಕಣ್ಣಿಗೆ ಬೀಳುವುದು ಇನ್ನೊಂದು ಕಡೆ. ಇಂದಿನ ಹೊಸಪೇಟೆಯಾದ ನಾಗಲಾಪುರವನ್ನು ಕಟ್ಟಿಸಿದ ಕೃಷ್ಣದೇವರಾಯ 1520ರಲ್ಲಿ ಹಂಪಿಯಿಂದ ಹೊರಟು ರಾಯಚೂರಿಗೆ ಮುತ್ತಿಗೆ ಹಾಕಿದ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 1530ರ ದಶಕದಲ್ಲಿ ಇದನ್ನು ಬರೆದಿಟ್ಟ. ಹಾರೆ, ಗುದ್ದಲಿ ಹಿಡಿದು ಗೋಡೆಯ ಬುಡಕ್ಕೆ ಹೋದವರು ಮೇಲಿನಿಂದ ಬರುವ ಹೊಡೆತಕ್ಕೆ ಸಾಯುತ್ತಿದ್ದರು. ಆಗ ನಾಯಕರು ಕಿತ್ತು ತಂದ ಕಲ್ಲುಗಳನ್ನು ಸೈನಿಕರಿಂದ ಕೊಳ್ಳತೊಡಗಿದರಂತೆ. ಕಲ್ಲಿನ ಗಾತ್ರ ನೋಡಿ ಹತ್ತು, ಇಪ್ಪತ್ತು, ಐವತ್ತು ಪಣದವರೆಗೆ ಬೆಲೆ! ದೊಡ್ಡ ಕಲ್ಲಿಗೆ ಆಸೆಪಟ್ಟು ಗೋಡೆಯಡಿ ಉಳಿದವನ ಹೆಸರನ್ನು ಯಾರೂ ಬರೆಯಲಿಲ್ಲ. ಅನಂತರ ಕ್ರಿಸ್ತೊವಾವೊ ದೆ ಫಿಗ್ವೆಯ್‌ರೆದೊ ಎಂಬವನ ಜೊತೆ ಬಂದ ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲಿದ್ದವರನ್ನು ಹೊಡೆದುರುಳಿಸಿದರು. ಬಗ್ಗಿ ನೋಡಿದ ಕೋಟೆಯ ದಳಪತಿಯ ಹಣೆಗೇ ಗುಂಡು ತಗಲಿತು. ಮರುದಿನ ಕೋಟೆ ಶರಣಾಯಿತು. ಈ ಬಿಜಾಪುರದ ಕೋಟೆ ಹಿಂದೂ ಅರಸನ ಕೈಸೇರಿದ್ದು ಕ್ರೈಸ್ತರ ಬಂದೂಕಿನ ನೆರವಿನಿಂದ. ಧರ್ಮಯುದ್ಧವೆಂಬ ಚೌಕಟ್ಟಿಗೆ ಇದನ್ನು ಹೇಗೆ ತುರುಕುವುದು?

ಈಗ 1565. ಜನವರಿ 23ರಂದು ರಕ್ಕಸಗಿ–ತಂಗಡಗಿಯ ಬಳಿ ರಾಮರಾಯ ಸೋತ. ಹಂಪಿ ಬರಿದಾದುದರ ಬಗ್ಗೆ ನಾವು ಶಾಲೆಯಲ್ಲಿ ಕಲಿತ ಚಿತ್ರ ಬಹುಪಾಲು 1900ರಲ್ಲಿ ರಾಬರ್ಟ್ ಸಿವೆಲ್ ಬರೆದ ಪುಸ್ತಕದ್ದು. ಸಿವೆಲ್ ಆಧರಿಸಿದ ಫಿರಿಶ್ತ ಬರೆದದ್ದು ಯುದ್ಧದ ಸುಮಾರು ನಾಲ್ಕು ದಶಕಗಳ ಬಳಿಕ. ಅವನ ಕಥನದಲ್ಲಿ ರೂಮಿ ಖಾನನ ಫಿರಂಗಿಗಳಿಗೆ ತಾಮ್ರದ ನಾಣ್ಯಗಳ ಚೀಲ ತುಂಬಿ ಸಮೀಪದಿಂದ ಹಾರಿಸಿದ್ದು ಯುದ್ಧದ ದಿಕ್ಕನ್ನು ತಿರುಗಿಸಿತು. ಆದರೆ ಜನರ ಬಾಯಲ್ಲಿ ನಿಂತಿರುವುದು ರಾಮರಾಯನ ಇಬ್ಬರು ಮುಸ್ಲಿಂ ಸೇನಾನಿಗಳು ದ್ರೋಹ ಬಗೆದರೆಂಬ ಮಾತು. ಅದನ್ನು ಬರೆದವನು ವೆನಿಸಿನ ವ್ಯಾಪಾರಿ ಸೆಸಾರೆ ಫೆದರಿಚಿ. ಅವನು ರಣಭೂಮಿಯಲ್ಲಿರಲಿಲ್ಲ, ಗೋವೆಯಿಂದ ವಿಜಯನಗರಕ್ಕೆ ಬಂದದ್ದೇ 1567ರಲ್ಲಿ. ಪ್ರತಿಯೊಬ್ಬ ಸೇನಾನಿಯ ಕೈಕೆಳಗೆ ಎಪ್ಪತ್ತು ಎಂಬತ್ತು ಸಾವಿರ ಜನರಿದ್ದರೆಂದು ಅವನು ಹೇಳುವ ಲೆಕ್ಕವೇ ಇದು ಕೇಳಿದ ಮಾತೆಂದು ಸಾರುತ್ತದೆ.

ಅದೇ ಫೆದರಿಚಿ ತಾನಿದ್ದು ಅರಿತದ್ದನ್ನೂ ಬರೆದಿದ್ದಾನೆ. ಅದನ್ನು ಯಾರೂ ಉದ್ಧರಿಸುವುದಿಲ್ಲ. ಗೆದ್ದವರು ಆರು ತಿಂಗಳು ಹೂತಿಟ್ಟ ಹಣವನ್ನು ಹುಡುಕಿದರು. ನಗರ ಪೂರ್ತಿ ನಾಶವಾಗಿರಲಿಲ್ಲ, ಮನೆಗಳು ನಿಂತಿದ್ದವು, ಆದರೆ ಖಾಲಿ. ಹುಲಿ ಮತ್ತು ಕಾಡುಮೃಗಗಳು ಅಲ್ಲಿ ವಾಸವಾಗಿವೆಯೆಂದು ಜನ ಹೇಳುತ್ತಿದ್ದರು. ರಾಮರಾಯನ ತಮ್ಮ ತಿರುಮಲ ನಗರಕ್ಕೆ ಮತ್ತೆ ಜೀವ ತುಂಬಲು ಹೊರಟು, ಒಳ್ಳೆಯ ಬೆಲೆ ಕೊಡುವೆನೆಂದು ಕುದುರೆ ವ್ಯಾಪಾರಿಗಳನ್ನು ಕರೆಸಿ, ಕುದುರೆ ತೆಗೆದುಕೊಂಡು ಬರಿಗೈಯಲ್ಲಿ ಕಳುಹಿಸಿದ. ಆ ವರ್ಷವೇ ಆಸ್ಥಾನ ಪೆನುಗೊಂಡೆಗೆ ಹೋಯಿತು. ದಾರಿಯಲ್ಲಿ ಕಳ್ಳರ ಭಯದಿಂದ ಒಂದು ತಿಂಗಳ ಕೆಲಸಕ್ಕೆ ಬಂದ ಫೆದರಿಚಿ ಏಳು ತಿಂಗಳು ಉಳಿಯಬೇಕಾಯಿತು. ಗೆದ್ದವರ ಲೂಟಿಯೂ ಸೋತವರ ವಂಚನೆಯೂ ಒಂದೇ ಬರಹದಲ್ಲಿವೆ. ದ್ರೋಹದ ಒಂದು ವಾಕ್ಯವನ್ನಷ್ಟೇ ಹೆಕ್ಕಿಕೊಂಡದ್ದು ನಾವು.

ಆ ನಗರದ ರಸ್ತೆಗಳಲ್ಲಿ ಹೋರಾಡಿದ ಯಾವ ಸಿಪಾಯಿಯೂ ನಮಗೆ ಅಕ್ಷರ ಬಿಟ್ಟುಹೋಗಿಲ್ಲ. ವೀರಗಲ್ಲುಗಳಿವೆ ನಿಜ, ಅವು ಸತ್ತವನ ಪರವಾಗಿ ಉಳಿದವರು ಆಡಿದ ಮಾತು. ಆದರೆ ಆ ಅರಸರ ಸೇವೆಯಲ್ಲಿದ್ದ ಮುಸ್ಲಿಮನೊಬ್ಬನ ಮಾತು ಹಂಪಿಯಲ್ಲೇ ಇದೆ. ಇಮ್ಮಡಿ ದೇವರಾಯ ತನ್ನ ಸೇನೆಗೆ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡ ಕಾಲ ಅದು. 1439ರಲ್ಲಿ ಅವನ ಅಧಿಕಾರಿ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿಯ ಶಾಸನ ಕನ್ನಡದಲ್ಲಿದೆ. ಅದು ಆ ಕಟ್ಟಡವನ್ನು ಧರ್ಮಶಾಲೆಯೆಂದು ಕರೆದು, ಅದರ ಪುಣ್ಯ ದೇವರಾಯನಿಗೆ ಸಲ್ಲಲೆಂದು ಹೇಳುತ್ತದೆ. ಪಕ್ಕದಲ್ಲಿ ಒಂದು ಬಾವಿ, ಒಂದು ಗೋರಿ. 1565ರ ಬಳಿಕವೂ ಆ ಶಾಸನ ಅಳಿಯದೆ ಉಳಿದಿದೆ.