ಹಾಸನದ ಕಾಫಿ ತೋಟ, ಸೊಂಟ ನೋವು ಮತ್ತು ಮಲಗಿಬಿಟ್ಟ ಸ್ನಾಯುಗಳು

ಇವತ್ತು ಸೊಂಟ ನೋವಿನ ಚರಿತ್ರೆ. ಸ್ಕಿಪ್ ಮಾಡ್ಬೇಡಿ, ಇದರಲ್ಲಿ ನಮ್ಮ ಹಾಸನ ಜಿಲ್ಲೆಗೂ ಒಂದು ಪಾತ್ರ ಇದೆ.

ನಾನು ಹೆತ್ತೂರಿನವನು. ನಮ್ಮ ಕಡೆ ಮಳೆಗಾಲದಲ್ಲಿ ಗದ್ದೆ ನಾಟಿ, ನವೆಂಬರ್ ಬಂತು ಅಂದ್ರೆ ಕಾಫಿ ಕೊಯ್ಲು. ಒಂದರಲ್ಲಿ ದಿನವಿಡೀ ಬಗ್ಗಿರಬೇಕು, ಇನ್ನೊಂದರಲ್ಲಿ ಇಳಿಜಾರಿನಲ್ಲಿ ಚೀಲ ಹೊರಬೇಕು. ‘ಸೊಂಟ ಹಿಡ್ಕೊಂಡಿದೆ’ ಅನ್ನೋ ಮಾತು ಕೇಳದ ದಿನ ಇಲ್ಲ. ಮದ್ದೂ ಎಲ್ಲರಿಗೂ ಬಾಯಿಪಾಠ: ಎಣ್ಣೆ ತಿಕ್ಕು, ಮೆಡಿಕಲ್ ಶಾಪಿನಿಂದ ಬೆಲ್ಟ್ ತಂದು ಕಟ್ಟು, ಒಂದು ವಾರ ಮಲಗು. ಈ ‘ಮಲಗು’ ಅನ್ನೋದರ ಕಥೆ ಸ್ವಲ್ಪ ನೋಡೋಣ.

1934ರಿಂದ ಶುರು ಮಾಡ್ತೀನಿ. ಆ ವರ್ಷ ಅಮೆರಿಕದ ಬಾಸ್ಟನ್ನಿನಲ್ಲಿ ಮಿಕ್ಸ್ಟರ್ ಮತ್ತು ಬಾರ್ ಅನ್ನೋ ಇಬ್ಬರು ಸರ್ಜನ್‌ಗಳು ಒಂದು ಲೇಖನ ಪ್ರಕಟಿಸಿದರು. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಹರಿದು ನರವನ್ನು ಒತ್ತಿದರೆ ಕಾಲಿಗೆ ಇಳಿಯುವ ನೋವು ಬರುತ್ತದೆ ಅಂತ. ನಿಜವಾದ, ದೊಡ್ಡ ಶೋಧ. ಆದರೆ ಆಮೇಲೆ ಏನಾಯ್ತು ಅಂದ್ರೆ, ಎಲ್ಲ ಸೊಂಟ ನೋವೂ ಡಿಸ್ಕಿನ ಲೆಕ್ಕಕ್ಕೆ ಬಿತ್ತು. ಹರಿದದ್ದು ಕೂಡಿಕೊಳ್ಳಬೇಕಾದರೆ ಅಲುಗಾಡಬಾರದು, ಹಾಗಾಗಿ ಮಲಗು. ಈಗಲೂ ಎಂಆರ್‌ಐ ರಿಪೋರ್ಟ್ ನೋಡಿ ಹೆದರೋರಿಗೆ ಒಂದು ವಿಷಯ: 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೋವೇ ಇಲ್ಲದ 20ರ ಹರೆಯದವರಲ್ಲೂ ಶೇ 37ರಷ್ಟು ಜನರ ಡಿಸ್ಕ್ ಸವೆದಿತ್ತು. 50 ವರ್ಷದವರಲ್ಲಿ ಶೇ 80.

ಅದೇ 1934ರಲ್ಲಿ ಮೈಸೂರಿನಲ್ಲಿ ಒಂದು ಕನ್ನಡ ಪುಸ್ತಕ ಬಂತು, ‘ಯೋಗ ಮಕರಂದ’. ಬರೆದವರು ತಿರುಮಲೈ ಕೃಷ್ಣಮಾಚಾರ್ಯ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದವರು. ಅರಮನೆಯ ಆಶ್ರಯ ಸಿಗೋದಕ್ಕೆ ಮುಂಚೆ, 1920ರ ದಶಕದಲ್ಲಿ, ಈ ಮಹಾ ಪಂಡಿತರು ಹೊಟ್ಟೆಪಾಡಿಗೆ ಏನು ಮಾಡ್ತಿದ್ರು ಗೊತ್ತಾ? ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಕೆಲಸ! ಷಡ್ದರ್ಶನ ಓದಿದವರು ಆಳುಗಳ ಮೇಲ್ವಿಚಾರಣೆ ಮಾಡ್ತಿದ್ರು, ಬಿಡುವಾದಾಗ ಊರೂರು ತಿರುಗಿ ಯೋಗ ಪ್ರದರ್ಶನ ಕೊಡ್ತಿದ್ರು. 1927ರಲ್ಲಿ ಹಾಸನದ ಜುಬಿಲಿ ಹಾಲ್‌ನಲ್ಲಿ ಅಂಥ ಒಂದು ಪ್ರದರ್ಶನ ನೋಡಿದ ಪಕ್ಕದ ಕೌಶಿಕ ಗ್ರಾಮದ 12 ವರ್ಷದ ಹುಡುಗ ಮಾರನೇ ದಿನವೇ ಶಿಷ್ಯನಾದ. ಅವರೇ ಪಟ್ಟಾಭಿ ಜೋಯಿಸ್. ಮೈಸೂರಿನಲ್ಲಿ ಸೇರಿಕೊಂಡ ಇನ್ನೊಬ್ಬ ಶಿಷ್ಯ ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಜಗತ್ತು ಇವತ್ತು ಯೋಗ ಕ್ಲಾಸ್ ಅಂತ ಕರೆಯೋದರಲ್ಲಿ ದೊಡ್ಡ ಪಾಲು ಈ ಮೂವರ ಕೈಯಿಂದಲೇ ಹೋಗಿದ್ದು.

ಇಲ್ಲಿಗೇ ನಿಲ್ಲಿಸಿ ‘ನೋಡಿ, ನಮ್ಮವರಿಗೆ ಆಗಲೇ ಎಲ್ಲಾ ಗೊತ್ತಿತ್ತು’ ಅಂದ್ರೆ ವ್ಯೂಸ್ ಚೆನ್ನಾಗಿ ಬರುತ್ತೆ. ಆದರೆ ನಾನು ಹಾಗೆ ಹೇಳಲ್ಲ. ಯೋಗ ಮಕರಂದದಲ್ಲಿ ಹೊಟ್ಟೆಯನ್ನು ಒಳಕ್ಕೆಳೆಯುವ ಉಡ್ಡೀಯಾನ ಬಂಧ ಇದೆ ನಿಜ. ಫಿಸಿಯೋಥೆರಪಿಸ್ಟ್ ಇವತ್ತು ಹೇಳಿಕೊಡೋ ‘ಹೊಟ್ಟೆ ಮೆಲ್ಲಗೆ ಒಳಗೆ ತಗೊಳ್ಳಿ’ ನೋಡೋಕೆ ಅದರ ಥರಾನೇ ಇದೆ. ಎರಡೂ ಒಂದೇ ಅಲ್ಲ. ಯಾವ ಸ್ನಾಯು ಯಾವಾಗ ಕೆಲಸ ಮಾಡುತ್ತೆ ಅನ್ನೋದು ಗೊತ್ತಾಗೋಕೆ ತಂತಿ, ಸೂಜಿ, ಸ್ಕ್ಯಾನ್ ಬೇಕಾಯ್ತು.

ಮೊದಲು ಬಂದದ್ದು ನಾಟಿ ಮಾಡೋರಿಗೆ ಸಂಬಂಧಪಟ್ಟ ಶೋಧ. 1950ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಫ್ಲಾಯ್ಡ್ ಮತ್ತು ಸಿಲ್ವರ್ ಬೆನ್ನಿನ ಸ್ನಾಯುಗಳ ವಿದ್ಯುತ್ ಸಂಕೇತ ಅಳೆದರು. ಬಗ್ಗುತ್ತಾ ಹೋದಾಗ ಬೆನ್ನಿನ ದೊಡ್ಡ ಸ್ನಾಯುಗಳು ಭಾರ ಹಿಡಿದಿರುತ್ತವೆ, ಪೂರ್ತಿ ಬಗ್ಗಿದ ಕೂಡಲೇ ಅವು ಸುಮ್ಮನಾಗಿಬಿಡ್ತವೆ. ಭಾರವೆಲ್ಲ ಮೂಳೆಗಳನ್ನು ಕಟ್ಟಿರುವ ನಾರುಗಳ ಮೇಲೆ. ಸೊಂಟ ನೋವಿರುವ ಅನೇಕರಲ್ಲಿ ಹೀಗಾಗಲ್ಲ. ಪೂರ್ತಿ ಬಗ್ಗಿದರೂ ಸ್ನಾಯು ಬಿಗಿಯಾಗೇ ಇರುತ್ತೆ, ಕಾವಲು ಕಾಯೋ ಹಾಗೆ.

ಮುಂದಿನ ದೊಡ್ಡ ಹೆಜ್ಜೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. 1994ರಲ್ಲಿ ಜೂಲಿ ಹೈಡ್ಸ್ ತಂಡ ಅಲ್ಟ್ರಾಸೌಂಡ್ ಹಾಕಿ ನೋಡಿತು. ಮೊದಲ ಬಾರಿ ಸೊಂಟ ಹಿಡಿದವರಲ್ಲಿ ನೋವಿದ್ದ ಕಡೆ ಮಾತ್ರ, ಬೆನ್ನುಮೂಳೆಗೆ ಅಂಟಿಕೊಂಡಿರುವ ಮಲ್ಟಿಫಿಡಸ್ ಅನ್ನೋ ಸ್ನಾಯು ಸಣ್ಣಗಾಗಿತ್ತು. 1996ರಲ್ಲಿ ಅದೇ ತಂಡ ಇನ್ನೊಂದು ಮಾತು ಹೇಳಿತು: ನೋವು ಹೋದ ಮೇಲೂ ಆ ಸ್ನಾಯು ತಾನಾಗೇ ಮೊದಲಿನಂತಾಗಲ್ಲ. ನನಗೆ ಈ ಇಡೀ ಚರಿತ್ರೆಯಲ್ಲಿ ಮುಖ್ಯ ಅನ್ನಿಸಿದ್ದು ಇದು. ‘ಹುಷಾರಾಯ್ತು’ ಅಂತ ಮಾರನೇ ದಿನವೇ ಚೀಲ ಎತ್ತೋರಿಗೆ ಮುಂದಿನ ವರ್ಷ ಮತ್ತೆ ಯಾಕೆ ಹಿಡಿಯುತ್ತೆ ಅನ್ನೋದಕ್ಕೆ ಒಂದು ಸುಳಿವು ಇಲ್ಲಿದೆ. ವ್ಯಾಯಾಮ ಕಲಿತವರಲ್ಲಿ ಒಂದು ವರ್ಷದೊಳಗೆ ನೋವು ಮರುಕಳಿಸಿದ್ದು ಶೇ 30 ಜನಕ್ಕೆ, ಕಲಿಯದವರಲ್ಲಿ ಶೇ 84. ಸಣ್ಣ ಅಧ್ಯಯನ, ಆದರೂ ಅಂತರ ನೋಡಿ.

1996ರಲ್ಲೇ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ನೋವಿದ್ದ 15 ಜನ, ಇಲ್ಲದ 15 ಜನರಿಗೆ ಕೈ ಎತ್ತಲು ಹೇಳಿದರು, ಅಷ್ಟೇ. ನೋವಿಲ್ಲದವರಲ್ಲಿ ಕೈ ಮೇಲೇಳೋದಕ್ಕೆ ಮುಂಚೆಯೇ ಹೊಟ್ಟೆಯ ಸುತ್ತ ಬೆಲ್ಟ್ ಥರ ಇರೋ ಒಳಸ್ನಾಯು ಬಿಗಿಯಾಗುತ್ತಿತ್ತು. ಕೆಲಸಕ್ಕೆ ಮುಂಚೆ ಟೊಂಕ ಕಟ್ಟೋದು ಅಂತೀವಲ್ಲ, ಅಕ್ಷರಶಃ ಅದೇ. ನೋವಿದ್ದವರಲ್ಲಿ ಆ ಟೊಂಕ ಕಟ್ಟೋದು ತಡವಾಗ್ತಿತ್ತು.

ಇದರಿಂದ ಹುಟ್ಟಿದ್ದೇ ಜಿಮ್‌ಗಳ ‘ಕೋರ್’ ಹುಚ್ಚು. ಅದೂ ಅತಿಯಾಯ್ತು. 2016ರ ಕಾಕ್ರೇನ್ ವಿಮರ್ಶೆ ಎಲ್ಲಾ ಸೇರಿಸಿ ನೋಡಿ, ಈ ವಿಶೇಷ ವ್ಯಾಯಾಮ ಬೇರೆ ವ್ಯಾಯಾಮಗಳಿಗಿಂತ ಹೇಳಿಕೊಳ್ಳುವಷ್ಟು ಮೇಲಲ್ಲ ಅಂದಿತು. ಯಾವುದೋ ಒಂದು, ಬಿಡದೆ ಮಾಡಿದರೆ ಆಯ್ತು. ಬೆಂಗಳೂರಿನ ಎಸ್-ವ್ಯಾಸ ಸಂಸ್ಥೆಯವರು 2008ರಲ್ಲಿ ಪ್ರಕಟಿಸಿದ 80 ಜನರ ಪ್ರಯೋಗದಲ್ಲಿ, ಒಂದು ವಾರ ಅಲ್ಲೇ ಇದ್ದು ಯೋಗ ಮಾಡಿದವರ ಓಡಾಟ ಚೆನ್ನಾಗಿ ಸುಧಾರಿಸಿತ್ತು. ಆದರೆ ಒಂದು ವಾರ ಕೂಲಿ ಬಿಟ್ಟು ಹೋಗೋದು ಯಾರಿಗೆ ಸಾಧ್ಯ?

ಕಾಮರ್ಸ್ ಓದಿದ ನನಗೆ ಕಣ್ಣಿಗೆ ಬಿದ್ದ ಲೆಕ್ಕ 1986ರದ್ದು. ರಿಚರ್ಡ್ ಡೇಯೊ ಅನ್ನೋ ವೈದ್ಯರು ಅಮೆರಿಕದಲ್ಲಿ, ನರದ ತೊಂದರೆ ಇಲ್ಲದ 203 ಜನರಲ್ಲಿ ಅರ್ಧ ಜನಕ್ಕೆ 2 ದಿನ ಮಲಗಿ, ಉಳಿದವರಿಗೆ 7 ದಿನ ಮಲಗಿ ಅಂದರು. ನೋವಿನಲ್ಲಿ ವ್ಯತ್ಯಾಸ ಇಲ್ಲ. 2 ದಿನದವರು ಕೆಲಸ ತಪ್ಪಿಸಿದ್ದು ಮಾತ್ರ ಶೇ 45ರಷ್ಟು ಕಡಿಮೆ. ಲೈನ್ ಮನೆಯಲ್ಲಿರೋ ಒಬ್ಬ ಅಕ್ಕನಿಗೆ ‘ಒಂದು ವಾರ ಮಲಗಮ್ಮ’ ಅಂದ್ರೆ ಅದು ಏಳು ದಿನದ ಕೂಲಿ, ಜೊತೆಗೆ ಇನ್ನಷ್ಟು ಸೊರಗಿದ ಬೆನ್ನು. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ದೀರ್ಘಕಾಲದ ಸೊಂಟ ನೋವಿಗೆ ವ್ಯಾಯಾಮ ಸರಿ, ಮಾಮೂಲಾಗಿ ಬೆಲ್ಟ್ ಬೇಡ ಅಂದಿದೆ. ನಮ್ಮ ಕಡೆ ಬೆಲ್ಟ್ ಸುಲಭವಾಗಿ ಸಿಗುತ್ತೆ, ವ್ಯಾಯಾಮ ಹೇಳಿಕೊಡೋರನ್ನ ಹುಡುಕ್ಕೊಂಡು ಸಕಲೇಶಪುರ ಇಲ್ಲಾ ಹಾಸನದ ಬಸ್ ಹತ್ತಬೇಕು. ತೋಟದಿಂದ ಹೊರಟ ಯೋಗ ಕ್ಯಾಲಿಫೋರ್ನಿಯಾ ಮುಟ್ಟಿ ಎಷ್ಟೋ ಕಾಲ ಆಯ್ತು, ಲೈನ್ ಮನೆಗೆ ಬಂದಿಲ್ಲ.

ಒಂದು ಎಚ್ಚರಿಕೆ. ಸೊಂಟ ನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಕಾಲು ಬಲ ಕಳಕೊಂಡರೆ, ಜ್ವರ ಇದ್ದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ಪಾಡ್‌ಕಾಸ್ಟ್ ಕೇಳ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಇದನ್ನ ಮನೆಯಲ್ಲಿ ಬೆಲ್ಟ್ ಕಟ್ಕೊಂಡು ಮಲಗಿರೋರಿಗೂ ಒಮ್ಮೆ ಕೇಳಿಸಿ. ಮುಂದಿನ ವಾರ ಸಿಗೋಣ.