600 ಹರ್ಟ್ಸ್ ಎಂಬ ಅಂಕಿ: ಪ್ಲಾಸ್ಮಾ ಮತ್ತು ಎಲ್‌ಸಿಡಿ ಟಿವಿಗಳ ಚಲನಚಿತ್ರಣ

2010ರ ಆಸುಪಾಸಿನಲ್ಲಿ ಟಿವಿ ಅಂಗಡಿಗೆ ಹೋದವರಿಗೆ ಪ್ಲಾಸ್ಮಾದ ಮೇಲೆ 600 ಹರ್ಟ್ಸ್, ಪಕ್ಕದ ಎಲ್‌ಸಿಡಿಯ ಮೇಲೆ 100 ಅಥವಾ 200 ಎಂಬ ಚೀಟಿಗಳು ಕಾಣುತ್ತಿದ್ದವು. ಇವನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಚಲನೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಒಂದೊಂದು ಚಿತ್ರ ಎಷ್ಟು ಹೊತ್ತು ಬೆಳಗಿರುತ್ತದೆ ಎಂಬ ಅಂಶ. ಚೀಟಿಯಲ್ಲಿ ಇಲ್ಲದ್ದೇ ಅದು.

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಬಿಟ್ಜರ್, ಸ್ಲಾಟೋ, ವಿಲ್ಸನ್ ರೂಪಿಸಿದ ಫಲಕದ ಕಾಲದಿಂದಲೂ ಪ್ಲಾಸ್ಮಾ ಕೋಶಕ್ಕೆ ಹೊತ್ತುವುದು, ಆರುವುದು ಎರಡೇ ಗೊತ್ತು. ನಡುವಣ ಛಾಯೆ ಬೇಕಾದರೆ ಒಂದು ಫ್ರೇಮಿನ ಅವಧಿಯನ್ನು ಬೇರೆಬೇರೆ ತೂಕದ ಸಬ್‌ಫೀಲ್ಡ್‌ಗಳಾಗಿ ಸೀಳಿ, ಅಗತ್ಯವಿದ್ದಷ್ಟರಲ್ಲಿ ಮಾತ್ರ ಕೋಶವನ್ನು ಬೆಳಗಿಸಬೇಕು. 60 ಫ್ರೇಮು, ತಲಾ ಹತ್ತು ಸೀಳು: 600. 50 ಫ್ರೇಮು, ತಲಾ ಹನ್ನೆರಡು: ಅದೂ 600. ಹೊಸ ಚಿತ್ರ ಮಾತ್ರ ಮೊದಲಿನಷ್ಟೇ ಸಲ ಬರುತ್ತದೆ. ಗುಣಾಕಾರ ಸರಿ, ಪ್ರಚಾರ ಜಾಣ.

ಎಲ್‌ಸಿಡಿ ಹಾಗಲ್ಲ, ಮುಂದಿನ ಫ್ರೇಮು ಬರುವತನಕ ಚಿತ್ರವನ್ನು ಹಿಡಿದೇ ಇರುತ್ತದೆ. ಬೌಂಡರಿಯತ್ತ ಓಡುವ ಚೆಂಡು 1920 ಬಿಂದುಗಳ ತೆರೆಯನ್ನು ಎರಡು ಸೆಕೆಂಡಿನಲ್ಲಿ ದಾಟಿತೆನ್ನಿ. ಕಣ್ಣು ಅದರ ಜೊತೆ ಸೆಕೆಂಡಿಗೆ 960 ಬಿಂದು ಸರಿಯುತ್ತದೆ. ನಮ್ಮ 50 ಹರ್ಟ್ಸ್ ಪ್ರಸಾರದಲ್ಲಿ ಚಿತ್ರ 20 ಮಿಲಿಸೆಕೆಂಡು ನಿಂತಲ್ಲೇ ನಿಂತಿರುತ್ತದೆ. ಅಷ್ಟರಲ್ಲಿ ಸರಿದ ಕಣ್ಣಿಗೆ ಚೆಂಡು 19 ಬಿಂದುಗಳಷ್ಟು ಬಳಿದಂತೆ ಕಾಣುತ್ತದೆ. ದ್ರವಸ್ಫಟಿಕ ಕ್ಷಣಾರ್ಧದಲ್ಲಿ ಹೊರಳಿದರೂ ಈ ಕಲೆ ಹೋಗದು. ತಯಾರಕರು ಪ್ರತಿಕ್ರಿಯಾ ಅವಧಿಯ ಬೆನ್ನುಹತ್ತಿದ್ದು ಅರ್ಧ ರೋಗಕ್ಕೆ ಔಷಧ.

100 ಹರ್ಟ್ಸ್ ಆದರೆ ಬಳಿತ ಅರ್ಧಕ್ಕಿಳಿಯುತ್ತದೆ, ಆದರೆ ನಡುವೆ ಸೇರಿಸಿದ ಫ್ರೇಮು ಹೊಸದಾಗಿರಬೇಕು. ಹಳೆಯದನ್ನೇ ಎರಡು ಸಲ ತೋರಿಸಿದರೆ ಏನೂ ದಕ್ಕದು. ಲೆಕ್ಕಹಾಕಿ ಹೊಸ ಫ್ರೇಮು ಹುಟ್ಟಿಸಿದರೆ ಕ್ರಿಕೆಟ್ಟಿಗೆ ಲಾಭ, ಸಿನಿಮಾಕ್ಕೆ ಧಾರಾವಾಹಿಯ ಕಳೆ. ನಡುವೆ ಕತ್ತಲೆ ತುಂಬಿದರೂ ಬಳಿತ ಇಳಿಯುತ್ತದೆ, ಆದರೆ ಬೆಳಕು ತಗ್ಗುತ್ತದೆ.

ಪ್ಲಾಸ್ಮಾವೂ ನಿರ್ದೋಷಿಯಲ್ಲ: ಹಸಿರು ಫಾಸ್ಫರ್ ನಿಧಾನವಾಗಿ ಆರಿ ಬಾಲ ಬಿಡುತ್ತದೆ, ಬಿಳಿ ಹಿನ್ನೆಲೆ 50 ಹರ್ಟ್ಸ್‌ನಲ್ಲಿ ಮಿನುಗುತ್ತದೆ. ಆದರೂ ಓಡುವ ಚಿತ್ರಕ್ಕೆ, ಕತ್ತಲ ಕೋಣೆಗೆ, ಆ ಕಾಲದಲ್ಲಿ ನನ್ನ ಮತ ಅದಕ್ಕೇ.

ಪ್ಯಾನಾಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು. ಈಗಿನ ಓಎಲ್‌ಇಡಿ ಬಿಂದುಗಳು ಒಂದು ಮಿಲಿಸೆಕೆಂಡಿಗೂ ಮೊದಲೇ ಬದಲಾಗುತ್ತವೆ. ಆದರೆ ಅವೂ ಚಿತ್ರವನ್ನು ಹಿಡಿದಿಡುವ ಜಾತಿಯವೇ ಆದ್ದರಿಂದ, 50 ಹರ್ಟ್ಸ್‌ನಲ್ಲಿ ಅದೇ ಚೆಂಡು ಅದೇ 19 ಬಿಂದು ಬಳಿಯುತ್ತದೆ.